ಒಡೆಯದ ಬಟಾಟಿ ಪ್ಯಾಟಿಸ್: ಹೂರಣ ಒಳಗೇ ಉಳಿಯಲಿ

ಹಂಚಿನ ಮೇಲೆ ಪ್ಯಾಟಿಸ್ ಒಡೆದರೆ ಹೆಚ್ಚಿನವರು ಕಾರ್ನ್‌ಫ್ಲೋರ್ ಡಬ್ಬಿಗೆ ಕೈ ಹಾಕುತ್ತಾರೆ. ಇನ್ನೆರಡು ಚಮಚ ಸುರಿದರೆ ಪ್ಯಾಟಿಸ್ ಜಿಗುಟಾಗುತ್ತದೆ, ಒಡೆಯುವುದು ಮಾತ್ರ ನಿಲ್ಲುವುದಿಲ್ಲ. ತಪ್ಪು ಹಿಟ್ಟಿನದಲ್ಲ, ನೀರಿನದು. ಬಟಾಟಿಯಲ್ಲಿ ಉಳಿದ ನೀರು, ಹೂರಣದಲ್ಲಿ ಉಳಿದ ನೀರು. ಇವೆರಡನ್ನು ಮೊದಲೇ ತೆಗೆದರೆ ಅರ್ಧ ಕೆಲಸ ಮುಗಿದ ಹಾಗೆ.

ಯಾವ ಬಟಾಟಿ?

ಬೆಳಗಾವಿ ಪೇಟೆಯಲ್ಲಿ ಜವಾರಿ, ತಳೇಗಾಂವ್, ಇಂದೂರ್, ಆಗ್ರಾ ಎಂದು ಬಟಾಟಿಗೆ ಹಲವು ಹೆಸರು. ಹೆಸರಿಗಿಂತ ಸಿಪ್ಪೆ ನೋಡಿ ಕೊಳ್ಳುವುದು ಲೇಸು. ಉಗುರಿನಿಂದ ಉಜ್ಜಿದರೆ ಸಿಪ್ಪೆ ಏಳುವ ಹೊಸ ಬಟಾಟಿ ಪಲ್ಯಕ್ಕೆ ಚೆಂದ, ಪ್ಯಾಟಿಸ್‌ಗೆ ಬೇಡ. ಅದರಲ್ಲಿ ನೀರು ಹೆಚ್ಚು, ಪಿಷ್ಟ ಕಡಿಮೆ. ಸಿಪ್ಪೆ ಗಟ್ಟಿಯಾದ ಹಳೆಯ ಬಟಾಟಿಯೇ ಬೇಕು. ಶೀತಲ ಗೃಹದಿಂದ ಆಗಷ್ಟೇ ಬಂದದ್ದಾದರೆ ಇನ್ನೊಂದು ತೊಡಕಿದೆ. ತಂಪಿನಲ್ಲಿ ಪಿಷ್ಟದ ಒಂದು ಪಾಲು ಸಕ್ಕರೆಯಾಗಿರುತ್ತದೆ, ಹಂಚಿಗೆ ಹಾಕಿದ ಕೂಡಲೇ ಕಪ್ಪಾಗುತ್ತದೆ, ಒಳಗೆ ಬಿಸಿಯೂ ತಾಗಿರುವುದಿಲ್ಲ. ಅಂಥದ್ದನ್ನು ಬುಟ್ಟಿಯಲ್ಲಿ ಹರವಿ, ಬೆಳಕು ಬೀಳದ ಮೂಲೆಯಲ್ಲಿ ಎರಡು ವಾರ ಇಟ್ಟರೆ ಸಿಹಿ ಇಳಿಯುತ್ತದೆ. ಮನೆಯಲ್ಲೂ ಹಸಿ ಬಟಾಟಿಯನ್ನು ಫ್ರಿಜ್‌ನಲ್ಲಿ ಇಡಬಾರದು.

ಹತ್ತು ಪ್ಯಾಟಿಸ್‌ಗೆ

ಬಟಾಟಿ 750 ಗ್ರಾಂ, ಕಾರ್ನ್‌ಫ್ಲೋರ್ 3 ದೊಡ್ಡ ಚಮಚ, ಉಪ್ಪು 1 ಸಣ್ಣ ಚಮಚ. ಹೂರಣಕ್ಕೆ ಕಡಲೆಬೇಳೆ 50 ಗ್ರಾಂ, ಹಸಿ ಬಟಾಣಿ 100 ಗ್ರಾಂ, ಹಸಿಮೆಣಸಿನಕಾಯಿ 3, ಒಂದಿಂಚು ಶುಂಠಿ, ಜೀರಿಗೆ ಅರ್ಧ ಚಮಚ, ಧನಿಯಾ ಪುಡಿ 1 ಚಮಚ, ಗರಂ ಮಸಾಲೆ ಮತ್ತು ಆಮ್‌ಚೂರ್ ತಲಾ ಅರ್ಧ ಚಮಚ, ಒಂದು ಹಿಡಿ ಕೊತ್ತಂಬರಿ ಸೊಪ್ಪು. ಹುಳಿಗೆ ನಿಂಬೆರಸ ಹಿಂಡಬೇಡಿ, ಅದೂ ನೀರೇ. ಉಳ್ಳಾಗಡ್ಡಿಯನ್ನೂ ಒಳಗೆ ತುಂಬಬೇಡಿ. ತಿನ್ನುವಾಗ ಮೇಲೆ ಉದುರಿಸಿದರೆ ಸಾಕು.

ಬೇಯಿಸುವುದು, ಒಣಗಿಸುವುದು

ಬಟಾಟಿಯನ್ನು ಹೆಚ್ಚದೆ, ಸಿಪ್ಪೆಸಹಿತ ಇಡಿಯಾಗಿ ಬೇಯಿಸಬೇಕು. ಹೆಚ್ಚಿದರೆ ಪ್ರತಿ ಕೊಯ್ತದಿಂದಲೂ ನೀರು ಒಳಗಿಳಿಯುತ್ತದೆ. ಕುಕ್ಕರಿನ ತಳಕ್ಕೆ ಎರಡು ಲೋಟ ನೀರು ಹಾಕಿ, ಬಟಾಟಿಯನ್ನು ತೂತಿನ ತಟ್ಟೆಯ ಮೇಲಿಟ್ಟು ಹಬೆಯಲ್ಲೇ ಬೇಯಿಸುವುದು ಇನ್ನೂ ಒಳ್ಳೆಯದು. ಮಧ್ಯಮ ಗಾತ್ರದವಕ್ಕೆ ಮೂರು ಸೀಟಿ ಸಾಕು. ಚಾಕು ಸರಾಗವಾಗಿ ಇಳಿಯಬೇಕು, ಸಿಪ್ಪೆ ಬಿರಿದಿರಬಾರದು. ಬಿರಿದಿದ್ದರೆ ಹೆಚ್ಚು ಬೆಂದಿದೆ ಎಂದೇ ಅರ್ಥ.

ಉಗುರುಬೆಚ್ಚಗಿರುವಾಗ ಸಿಪ್ಪೆ ಸುಲಿದು, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಹಬೆ ಹೋಗಲು ಬಿಡಿ. ಆರಿದ ಮೇಲೆ ಮುಚ್ಚದೆ ಫ್ರಿಜ್‌ನಲ್ಲಿ ಎರಡು ಮೂರು ತಾಸು, ಸಾಧ್ಯವಾದರೆ ಇಡೀ ರಾತ್ರಿ ಇಡಿ. ಬೆಂದ ಪಿಷ್ಟ ತಂಪಿಗೆ ಬಿಗಿಯುತ್ತದೆ, ಮೇಲ್ಮೈ ಒಣಗುತ್ತದೆ. ಆ ತಣ್ಣನೆಯ ಬಟಾಟಿಯನ್ನು ತುರಿಮಣೆಯಲ್ಲಿ ತುರಿಯಿರಿ. ಮಿಕ್ಸಿಗೆ ಮಾತ್ರ ಹಾಕಬೇಡಿ: ಅಲಗಿಗೆ ಸಿಕ್ಕ ಪಿಷ್ಟವೆಲ್ಲ ಹೊರಬಂದು ಅಂಟಾಗುತ್ತದೆ, ಆಮೇಲೆ ಯಾವ ಹಿಟ್ಟೂ ಅದನ್ನು ಸರಿಪಡಿಸದು. ಕಾರ್ನ್‌ಫ್ಲೋರ್ ಬೆರೆಸಿ, ಉಪ್ಪನ್ನು ತಟ್ಟುವ ಮುಂಚೆಯಷ್ಟೇ ಹಾಕಿ. ಒಂದು ಮುದ್ದೆಯಾಗುವಷ್ಟು ಒತ್ತಿದರೆ ಸಾಕು, ನಾದಬೇಡಿ. ಕೈಗೆ ಇನ್ನೂ ಅಂಟಿದರೆ ತೆಳು ಅವಲಕ್ಕಿಯನ್ನು ಒಣಗಿದ್ದಂತೆಯೇ ಪುಡಿಮಾಡಿ ಎರಡು ಚಮಚ ಬೆರೆಸಿ.

ಹೂರಣ

ಎರಡು ತಾಸು ನೆನೆದ ಬೇಳೆಯನ್ನು ಬೇಯಿಸಿ. ಬೆಂದ ಬೇಳೆ ಬೆರಳಲ್ಲಿ ಹಿಸುಕಿದರೆ ಮುರಿಯಬೇಕು, ಕರಗಬಾರದು. ಬಸಿದು ಬಟ್ಟೆಯ ಮೇಲೆ ಹರವಿ. ಎರಡು ಚಮಚ ಎಣ್ಣೆಯಲ್ಲಿ ಜೀರಿಗೆ, ಜಜ್ಜಿದ ಶುಂಠಿ, ಮೆಣಸಿನಕಾಯಿ, ಆಮೇಲೆ ಬೇಯಿಸಿದ ಬಟಾಣಿ, ಬೇಳೆ, ಮಸಾಲೆ, ರುಚಿಗೆ ಉಪ್ಪು. ಸೌಟಿನ ಹಿಂಬದಿಯಿಂದ ಅರೆಬರೆ ಹಿಸುಕುತ್ತ ಬಾಣಲೆಯ ತಳ ಒಣಗುವವರೆಗೆ ಹುರಿಯಿರಿ. ಪೂರ್ತಿ ಆರಿದ ಮೇಲೆಯೇ ಕೊತ್ತಂಬರಿ ಸೇರಿಸಿ ತುಂಬಬೇಕು. ಬಿಸಿ ಹೂರಣದ ಹಬೆ ಒಳಗೇ ನೀರಾಗಿ ಕೆಳಗಿನ ಪದರವನ್ನು ಮೆತ್ತಗಾಗಿಸುತ್ತದೆ. ಎಷ್ಟೋ ಪ್ಯಾಟಿಸ್ ಒಡೆಯುವುದು ಇದೊಂದೇ ಕಾರಣಕ್ಕೆ.

ತುಂಬುವುದು

ಹೋಳಿಗೆ ತುಂಬಿ ರೂಢಿಯಿದ್ದವರಿಗೆ ಇದು ಕಷ್ಟವಲ್ಲ, ಆದರೆ ಬಟಾಟಿ ಕಣಕದಂತೆ ಹಿಗ್ಗುವುದಿಲ್ಲ. ಅಂಗೈಗೆ ಎಣ್ಣೆ ಸವರಿ, ಸುಮಾರು 65 ಗ್ರಾಂ ಉಂಡೆ ತೆಗೆದುಕೊಂಡು ಬಟ್ಟಲಿನಂತೆ ಮಾಡಿ. ಅಂಚು ತೆಳ್ಳಗೆ, ತಳ ದಪ್ಪ ಇರಲಿ. ಹೂರಣ 20 ಗ್ರಾಂ ಮೀರದಿರಲಿ. ಅಂಚುಗಳನ್ನು ಮೇಲೆ ಕೂಡಿಸಿ, ಹೆಚ್ಚಾದದ್ದನ್ನು ಚಿವುಟಿ ತೆಗೆಯಿರಿ. ಮತ್ತೆ ಉಂಡೆ ಕಟ್ಟಿ ಒತ್ತಿದರೆ ಒಳಗಿನ ಗಾಳಿ ಹೋಗುತ್ತದೆ. ಗಾಳಿ ಉಳಿದರೆ ಬಿಸಿಗೆ ಹಿಗ್ಗಿ ಸಿಡಿಯುತ್ತದೆ. ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಅಂಚಿನ ಬಿರುಕುಗಳನ್ನು ಬೆರಳಿನಿಂದ ಸವರಿ ಮುಚ್ಚಿ. ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ.

ಹಂಚಿನ ಮೇಲೆ

ಬೀಡಿನ ಹಂಚಿಗೆ ಸರಿಸಾಟಿಯಿಲ್ಲ. ನಾನ್‌ಸ್ಟಿಕ್‌ನಲ್ಲಿ ಬಣ್ಣ ಬರುತ್ತದೆ, ಗರಿ ಅಷ್ಟಕ್ಕಷ್ಟೇ. ಹಂಚು ಚೆನ್ನಾಗಿ ಕಾದ ಮೇಲೆ ಮೂರು ದೊಡ್ಡ ಚಮಚ ಎಣ್ಣೆ ಬಿಟ್ಟು, ಕೂಡಿಸಿದ ಬದಿ ಕೆಳಗೆ ಬರುವಂತೆ ಒಮ್ಮೆಗೆ ನಾಲ್ಕೇ ಇಡಿ. ಉರಿ ಮಧ್ಯಮ. ಐದಾರು ನಿಮಿಷ ಮುಟ್ಟಬೇಡಿ. ಪದರ ಗಟ್ಟಿಯಾದಾಗ ಪ್ಯಾಟಿಸ್ ತಾನೇ ಹಂಚು ಬಿಡುತ್ತದೆ. ಬಿಡದಿದ್ದರೆ ಇನ್ನೂ ಹೊತ್ತಾಗಿಲ್ಲ. ಮಗುಚಿ ಮತ್ತೈದು ನಿಮಿಷ.

ಎಣ್ಣೆಯಲ್ಲಿ ಕರಿಯುವುದಾದರೆ ಮೇಲೆ ಒಣ ಆರಾರೂಟ್ ಪುಡಿ ಹಚ್ಚಿ. ಚಿಟಿಕೆ ಬಟಾಟಿ ಹಾಕಿದಾಗ ಕೂಡಲೇ ಮೇಲೇಳುವಷ್ಟು ಎಣ್ಣೆ ಕಾದಿರಲಿ. ತಣ್ಣನೆಯ ಎಣ್ಣೆಯಲ್ಲಿ ಬಿಚ್ಚಿಕೊಳ್ಳುವುದು ಖಂಡಿತ.

ಏಕಾದಶಿಗೆ ಮಾಡುವುದಾದರೆ ಬೇಳೆ, ಬಟಾಣಿ, ಕಾರ್ನ್‌ಫ್ಲೋರ್ ಯಾವುದೂ ನಡೆಯದು. ಹಿಟ್ಟಿನ ಬದಲು ಆರಾರೂಟ್ ಅಥವಾ ರಾಜಗಿರಿ ಹಿಟ್ಟು, ಉಪ್ಪಿನ ಬದಲು ಸೈಂಧವ ಲವಣ. ಹೂರಣಕ್ಕೆ ಅರ್ಧ ಬಟ್ಟಲು ಹಸಿ ಕೊಬ್ಬರಿ ತುರಿ, ಎರಡು ಚಮಚ ತರಿತರಿ ಶೇಂಗಾ ಪುಡಿ, ಮೆಣಸಿನಕಾಯಿ, ಒಣದ್ರಾಕ್ಷಿ, ಚಿಟಿಕೆ ಸಕ್ಕರೆ. ಕೊಬ್ಬರಿ ತುರಿಯನ್ನು ಮೂರು ನಿಮಿಷ ಬೆಚ್ಚಗೆ ಹುರಿಯುವುದನ್ನು ಮರೆಯಬೇಡಿ.

ರಗಡಾ, ಅಂದರೆ ಬಟಾಣಿಯ ಗಟ್ಟಿ ಸಾರಿನ ಜೊತೆ ಬಡಿಸುವುದಾದರೆ ಬಿಳಿ ಬಟಾಣಿ ಎಂಟು ತಾಸು ನೆನೆಯಲಿ, ಮತ್ತು ತಿನ್ನುವವರು ತಟ್ಟೆ ಮುಂದೆ ಕೂತ ಮೇಲೆಯೇ ರಗಡಾ ಸುರಿಯಿರಿ.