ಒಂದು ದಾರ, ಒಂದು ನಟ್ಟು: ಎಲ್ಲ ವಯಸ್ಸಿನವರಿಗೂ ಒಂದೇ ಪ್ರಯೋಗ

ವಿಜ್ಞಾನವನ್ನು ಆಸಕ್ತಿ ಹುಟ್ಟುವಂತೆ ಕಲಿಸಬೇಕು ಎಂದ ಕೂಡಲೇ ಹಲವರಿಗೆ ನೆನಪಾಗುವುದು ನೊರೆಯುಕ್ಕುವ ಬಾಟಲಿ, ಬಣ್ಣ ಬದಲಿಸುವ ದ್ರಾವಣ, ಢಂ ಎಂದು ಒಡೆಯುವ ಬಲೂನು. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಮರುದಿನ ಕೇಳಿದರೆ ನೊರೆಯಷ್ಟೇ ನೆನಪಿರುತ್ತದೆ. ‘ಹೀಗಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲವಲ್ಲ!’ ಎಂದು ಪೇಚಿಗೆ ಬಿದ್ದವರು ಮಾತ್ರ ಕಾರಣ ಹುಡುಕಲು ಹೊರಡುತ್ತಾರೆ. ಆ ಪೇಚು ಹುಟ್ಟಿಸಲು ಒಂದು ದಾರ, ಕೆಲವು ಕಬ್ಬಿಣದ ನಟ್ಟು, ಸ್ಟಾಪ್‌ವಾಚ್ ಇರುವ ಫೋನು ಸಾಕು. ದಾರದ ತುದಿಗೆ ನಟ್ಟು ಕಟ್ಟಿ ಓಲಾಡಲು ಬಿಟ್ಟ ಈ ಲೋಲಕವನ್ನು (ಪೆಂಡ್ಯುಲಮ್) ಆರು ವರ್ಷದ ಮಗುವಿನ ಮುಂದೆಯೂ ಇಡಬಹುದು, ಪದವಿ ವಿದ್ಯಾರ್ಥಿಯ ಮುಂದೆಯೂ ಇಡಬಹುದು. ಬದಲಾಗಬೇಕಾದದ್ದು ನೀವು ಕೇಳುವ ಪ್ರಶ್ನೆ.

ತಯಾರಿ

ದಾರ ಹಿಗ್ಗಬಾರದು, ಎಲಾಸ್ಟಿಕ್, ಉಣ್ಣೆ ನೂಲು ಬೇಡ. ಮೇಲಿನ ತುದಿಯನ್ನು ಬೆರಳಲ್ಲಿ ಹಿಡಿದರೆ ಕೈ ಅಲುಗಿ ಲೆಕ್ಕ ಕೆಡುತ್ತದೆ. ಮೇಜಿನ ಅಂಚಿನಿಂದ ಹೊರಚಾಚುವಂತೆ ಪೆನ್ಸಿಲ್ ಇಟ್ಟು ಟೇಪು ಹಾಕಿ ಬಿಗಿ ಮಾಡಿ, ದಾರವನ್ನು ಅದಕ್ಕೆ ಗಂಟು ಹಾಕಿ. ಉದ್ದವನ್ನು ಗಂಟಿನಿಂದ ನಟ್ಟಿನ ನಡುವಿನವರೆಗೆ ಅಳೆಯಬೇಕು. ಮೊದಲಿಗೆ 25 ಸೆಂ.ಮೀ. ಇರಲಿ. ಅಷ್ಟೇ ಯಾಕೆ ಎಂಬುದನ್ನು ಸದ್ಯಕ್ಕೆ ಯಾರಿಗೂ ಹೇಳಬೇಡಿ.

ಓಲಾಡಿಸುವ ಮೊದಲು ಊಹೆ

ಈ ಹಂತ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ ಎಂದೇ ನನ್ನ ಅಭಿಪ್ರಾಯ. ಲೋಲಕ ಮುಟ್ಟುವ ಮುಂಚೆಯೇ ಕೇಳಿ: ‘ಇನ್ನೊಂದು ನಟ್ಟು ಸೇರಿಸಿದರೆ ಇದು ಬೇಗ ಬೇಗ ಓಲಾಡುತ್ತದಾ, ನಿಧಾನವಾಗುತ್ತದಾ, ಇದ್ದ ಹಾಗೇ ಇರುತ್ತದಾ?’ ಪ್ರತಿಯೊಬ್ಬರೂ ಉತ್ತರ ಬರೆದಿಡಬೇಕು. ಕೈ ಎತ್ತಿಸಿದರೆ ಸಾಲದು, ಅರ್ಧ ತರಗತಿ ಜಾಣರ ಕೈ ನೋಡಿಕೊಂಡೇ ಕೈ ಎತ್ತುತ್ತದೆ. ಬರೆದಾದ ಮೇಲೆ ಪಕ್ಕದವರ ಜತೆ ಎರಡು ನಿಮಿಷ ವಾದ ಮಾಡಲಿ, ಬೇಕಿದ್ದವರು ಉತ್ತರ ಬದಲಿಸಿಕೊಳ್ಳಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ತಮ್ಮ ತರಗತಿಯಲ್ಲಿ ಬೆಳೆಸಿದ್ದು ಇದೇ ಕ್ರಮವನ್ನು. ಆ ಎರಡು ನಿಮಿಷ ನಿಮ್ಮ ಮುಖ ಉತ್ತರ ಬಿಟ್ಟುಕೊಡದಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸ.

ಆಮೇಲೆ ಓಲಾಡಲು ಬಿಡಿ. ಭಾರ ಹೆಚ್ಚಿದರೂ ಒಂದು ಓಲಾಟದ, ಅಂದರೆ ಒಮ್ಮೆ ಹೋಗಿ ವಾಪಸ್ ಬರುವ, ಸಮಯ ಬದಲಾಗುವುದಿಲ್ಲ. ಆದರೆ ಎರಡನೇ ನಟ್ಟನ್ನು ಮೊದಲನೆಯದರ ಕೆಳಗೆ ಕಟ್ಟಿದರೆ ಲೋಲಕದ ಉದ್ದವೂ ಹೆಚ್ಚಿ ಓಲಾಟ ನಿಧಾನವಾಗುತ್ತದೆ, ಮಕ್ಕಳು ತಪ್ಪನ್ನು ಭಾರದ ಮೇಲೆ ಹೊರಿಸುತ್ತಾರೆ. ಚಿಕ್ಕವರಿಗೆ ಎರಡೂ ನಟ್ಟು ಒಂದೇ ಮಟ್ಟದಲ್ಲಿರುವಂತೆ ನೀವೇ ಕಟ್ಟಿಕೊಡಿ. ದೊಡ್ಡವರಾದರೆ ಒಂದು ಗುಂಪು ಕೆಳಗೆ ಕಟ್ಟಿದರೆ ಕಟ್ಟಲಿ, ನೋಡಿಯೂ ನೋಡದಂತಿರಿ. ಎರಡು ಗುಂಪಿಗೆ ಎರಡು ಉತ್ತರ ಬಂದಾಗ ನಡೆಯುವ ಜಗಳದಲ್ಲಿ ‘ಒಮ್ಮೆಗೆ ಒಂದನ್ನೇ ಬದಲಿಸಬೇಕು’ ಎಂಬುದು ತಾನಾಗಿ ಹೊರಬರುತ್ತದೆ.

ವಯಸ್ಸಿಗೆ ತಕ್ಕ ಪ್ರಶ್ನೆ

ಆರೇಳು ವರ್ಷದವರಿಗೆ ಸೆಕೆಂಡಿನ ಲೆಕ್ಕ ಬೇಡ. ಗಿಡ್ಡ ದಾರದ್ದೊಂದು, ಉದ್ದ ದಾರದ್ದೊಂದು ಲೋಲಕವನ್ನು ಅಕ್ಕಪಕ್ಕ ತೂಗುಹಾಕಿ, ಒಟ್ಟಿಗೆ ಬಿಟ್ಟು, ‘ಯಾವುದು ಮೊದಲು ವಾಪಸ್ ಬರುತ್ತೆ?’ ಎಂದರೆ ಸಾಕು.

ಹತ್ತು ದಾಟಿದವರಿಗೆ ಸ್ಟಾಪ್‌ವಾಚ್ ಕೊಡಿ. ಒಂದೇ ಓಲಾಟ ಅಳೆಯಲು ಹೇಳಿ. ಒಬ್ಬೊಬ್ಬರದು ಒಂದೊಂದು ಉತ್ತರ. ಬೆರಳು ಒತ್ತುವುದರಲ್ಲಿ ಆಗುವ ತಡವೇ ಕಾರಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹತ್ತು ಓಲಾಟ ಅಳೆದು ಹತ್ತರಿಂದ ಭಾಗಿಸುವ ಉಪಾಯ ಅಲ್ಲಿಂದ ಒಂದೇ ಹೆಜ್ಜೆ. ಒಂದು ಎಚ್ಚರಿಕೆ: ಬಿಡುವಾಗ ‘ಸೊನ್ನೆ’ ಎನ್ನಬೇಕು. ‘ಒಂದು’ ಎಂದು ಶುರು ಮಾಡಿದರೆ ಅಳೆದದ್ದು ಒಂಬತ್ತೇ ಓಲಾಟ.

25 ಸೆಂ.ಮೀ. ಲೋಲಕ ಹೋಗಿ ಬರಲು ಹೆಚ್ಚುಕಡಿಮೆ 1 ಸೆಕೆಂಡ್ ತೆಗೆದುಕೊಳ್ಳುತ್ತದೆ. ಈಗ ಸವಾಲು ಹಾಕಿ: ‘2 ಸೆಕೆಂಡಿನ ಲೋಲಕ ಮಾಡಿ.’ ಬಹುತೇಕ ಎಲ್ಲರೂ ದಾರವನ್ನು 50 ಸೆಂ.ಮೀ. ಮಾಡುತ್ತಾರೆ. ಹತ್ತು ಓಲಾಟಕ್ಕೆ 20 ಸೆಕೆಂಡ್ ಬರಬೇಕಿತ್ತು, ಬರುವುದು 14 ಚಿಲ್ಲರೆ. ಇನ್ನಷ್ಟು ಉದ್ದ ಮಾಡುತ್ತಾರೆ, ಮೇಜಿನ ಎತ್ತರ ಸಾಲದೆ ಬಾಗಿಲ ಚೌಕಟ್ಟಿಗೆ ಕಟ್ಟುತ್ತಾರೆ, ಕೊನೆಗೆ 1 ಮೀಟರ್ ಹತ್ತಿರ ಬಂದು ನಿಲ್ಲುತ್ತಾರೆ. ಸಮಯ ಎರಡು ಪಟ್ಟಾಗಲು ಉದ್ದ ನಾಲ್ಕು ಪಟ್ಟಾಗಬೇಕು! ಸಮಯ ಬದಲಾಗುವುದು ಉದ್ದದ ವರ್ಗಮೂಲದ ಪ್ರಕಾರ ಎಂದು ಮೊದಲೇ ಬೋರ್ಡಿನ ಮೇಲೆ ಬರೆದಿದ್ದರೆ ಈ ಓಡಾಟವೇ ಇರುತ್ತಿರಲಿಲ್ಲ, ಆದ್ದರಿಂದ ಬರೆಯಬೇಡಿ.

ಹೈಸ್ಕೂಲಿನವರು ಐದಾರು ಉದ್ದಗಳಿಗೆ ಗ್ರಾಫ್ ಹಾಕಲಿ. ಉದ್ದ ಮತ್ತು ಸಮಯಕ್ಕೆ ಬಾಗಿದ ಗೆರೆ ಬರುತ್ತದೆ. ಸಮಯದ ವರ್ಗ ತೆಗೆದುಕೊಂಡರೆ ನೇರ ಗೆರೆ. ಅದರ ಇಳಿಜಾರಿನಿಂದ ಭೂಮಿಯ ಗುರುತ್ವ ವೇಗೋತ್ಕರ್ಷವನ್ನು (ಬೀಳುವ ವಸ್ತುವಿನ ವೇಗ ಹೆಚ್ಚುವ ದರ) ಲೆಕ್ಕ ಹಾಕಬಹುದು. ಜಾಗ್ರತೆಯಿಂದ ಅಳೆದರೆ 9.8 ಮೀ/ಸೆ² ಆಸುಪಾಸಿಗೆ ಬರುತ್ತದೆ.

ಇತಿಹಾಸವನ್ನೂ ಒಗಟಾಗಿಸಿ ಕೊಡಿ. ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್ 1656ರಲ್ಲಿ ಲೋಲಕ ಗಡಿಯಾರ ರೂಪಿಸಿದ. 1672ರಲ್ಲಿ ಜಾನ್ ರಿಷೆ ಎಂಬ ಫ್ರೆಂಚ್ ಖಗೋಳ ವಿಜ್ಞಾನಿ ದಕ್ಷಿಣ ಅಮೆರಿಕದಲ್ಲಿ ಸಮಭಾಜಕಕ್ಕೆ ಹತ್ತಿರದ ಕೇಯೆನ್‌ನಲ್ಲಿದ್ದಾಗ, ಪ್ಯಾರಿಸ್‌ನಲ್ಲಿ ಸರಿಯಾಗಿರುವ ಲೋಲಕ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುವುದನ್ನು ಕಂಡ. ಗಡಿಯಾರ ಕೆಟ್ಟಿತ್ತೇ? ಇಲ್ಲಿಗೆ ನಿಲ್ಲಿಸಿ. ಸೆಕೆಗೆ ಲೋಹ ಹಿಗ್ಗಿರಬೇಕು ಎಂಬ ಉತ್ತರ ಬಂದರೆ ಅದು ಒಳ್ಳೆಯ ಉತ್ತರವೇ, ಆದರೆ ಅಷ್ಟು ವ್ಯತ್ಯಾಸಕ್ಕೆ ಅದು ಸಾಲದು. ಭೂಮಿ ತಿರುಗುವುದರಿಂದಲೂ ನಡುವಲ್ಲಿ ಉಬ್ಬಿರುವುದರಿಂದಲೂ ಸಮಭಾಜಕದ ಬಳಿ ಗುರುತ್ವ ತುಸು ಕಡಿಮೆ, ಹಾಗಾಗಿ ಓಲಾಟ ನಿಧಾನ ಎಂಬಲ್ಲಿಗೆ ಅವರೇ ಬಂದು ಮುಟ್ಟಲಿ.

ಕಾಲೇಜಿನವರಿಗೆ ಗೆಲಿಲಿಯೊನ ತಪ್ಪನ್ನೇ ಹಿಡಿಯಲು ಬಿಡಿ. ಓಲಾಟ ದೊಡ್ಡದಿರಲಿ ಸಣ್ಣದಿರಲಿ, ಒಂದೇ ಸಮಯ ಹಿಡಿಯುತ್ತದೆ ಎಂದು ಆತ ನಂಬಿದ್ದ. ಸಣ್ಣ ಕೋನಗಳಿಗೆ ಅದು ಬಹುಮಟ್ಟಿಗೆ ಸರಿ. ನೇರವಾಗಿ ಕೆಳಗೆ ತೂಗುವ ಸ್ಥಿತಿಯಿಂದ 60 ಡಿಗ್ರಿ ಎತ್ತಿ ಬಿಟ್ಟರೆ ಸಮಯ ಶೇ 7ರಷ್ಟು ಹೆಚ್ಚುತ್ತದೆ. 1 ಮೀಟರ್ ಲೋಲಕದಲ್ಲಿ ಇದು ಸುಮಾರು 0.15 ಸೆಕೆಂಡ್; ಫೋನಿನಲ್ಲಿ ಸೆಕೆಂಡಿಗೆ 30 ಫ್ರೇಮಿನ ವಿಡಿಯೊ ತೆಗೆದರೆ ನಾಲ್ಕು ಫ್ರೇಮುಗಳ ಅಂತರ. ಕೋನ ಬೇಗ ಕುಗ್ಗುವುದರಿಂದ ಮೊದಲ ಓಲಾಟವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು.

ಪರೀಕ್ಷೆ

‘ಲೋಲಕದ ನಿಯಮಗಳನ್ನು ಬರೆಯಿರಿ’ ಎಂದು ಕೇಳಿದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ಬಾಯಿಪಾಠಕ್ಕೆ ತಿರುಗುತ್ತದೆ. ಬದಲಿಗೆ ತಳದಲ್ಲಿ ಸಣ್ಣ ತೂತಿರುವ ಪ್ಲಾಸ್ಟಿಕ್ ಡಬ್ಬಿಗೆ ನೀರು ತುಂಬಿಸಿ ತೂಗುಹಾಕಿ. ನೀರು ಸೋರುತ್ತಾ ಹೋದಂತೆ ಓಲಾಟದ ಸಮಯ ಏನಾಗುತ್ತದೆ? ನೀರಿನ ಮಟ್ಟ ಇಳಿದಂತೆ ಭಾರದ ಕೇಂದ್ರ ಕೆಳಗಿಳಿದು, ಅಂದರೆ ಲೋಲಕದ ಉದ್ದ ಹೆಚ್ಚಿ, ಮೊದಲು ಸಮಯ ಹೆಚ್ಚುತ್ತದೆ, ಡಬ್ಬಿ ಖಾಲಿಯಾಗುತ್ತಾ ಬಂದಂತೆ ಕೇಂದ್ರ ಮತ್ತೆ ಮೇಲೇರಿ ಕಡಿಮೆಯಾಗುತ್ತದೆ. ‘ಭಾರಕ್ಕೂ ಸಮಯಕ್ಕೂ ಸಂಬಂಧವಿಲ್ಲ, ಹಾಗಾಗಿ ಬದಲಾಗುವುದಿಲ್ಲ’ ಎಂದು ಬರೆದವರಿಗೂ ಅರ್ಧ ಅಂಕ ಕೊಡಿ. ಉಳಿದರ್ಧವನ್ನು, ಡಬ್ಬಿ ಖಾಲಿಯಾಗುವವರೆಗೆ ನಿಂತು ಅಳೆದು, ಉತ್ತರ ತಿದ್ದಿ ತಂದರೆ.