ವಿದೇಶಿ ಹುಡುಗರಿಗೆ ಬಿಸಿನೆಸ್ ಪಾಠ ಮಾಡ್ತೀರಾ? ಮೊದಲು ಕಾಮಾ ಸರಿ ಮಾಡಿ

ನಾನು ಧಾರವಾಡದಲ್ಲಿ ಎಂಬಿಎ ಹುಡುಗರಿಗೆ ಅಕೌಂಟ್ಸ್ ಹೇಳಿಕೊಡುತ್ತೇನೆ. ಮೊದಲ ಸಲ ಕ್ಲಾಸಿಗೆ ಕೆನ್ಯಾ, ನೇಪಾಳ, ಇಥಿಯೋಪಿಯಾದವರು ಬಂದಾಗ, ಇಂಗ್ಲಿಷ್ ಸ್ವಲ್ಪ ನಿಧಾನ ಮಾತಾಡಿದರೆ ಸಾಕು ಅಂದುಕೊಂಡಿದ್ದೆ. ಬೋರ್ಡಿನ ಮೇಲೆ 2,50,00,000 ಅಂತ ಬರೆದೆ. ಹಿಂದಿನ ಬೆಂಚಿನವನೊಬ್ಬ ಕೈ ಎತ್ತಿದ. ‘ಸರ್, ಕಾಮಾ ತಪ್ಪು ಜಾಗದಲ್ಲಿದೆ.’

ಅವನದೇನೂ ತಪ್ಪಿಲ್ಲ. ಅವನಿಗೆ ಅದು 25,000,000, ಅಂದರೆ 25 ಮಿಲಿಯನ್. ಹಾಗಾಗಿ ಮೊದಲ ದಿನವೇ ಹೇಳಿಬಿಡಿ: 10 ಲಕ್ಷ ಅಂದರೆ 1 ಮಿಲಿಯನ್, 1 ಕೋಟಿ ಅಂದರೆ 10 ಮಿಲಿಯನ್. ಒಂದು ವಾರ ಎರಡನ್ನೂ ಪಕ್ಕಪಕ್ಕ ಬರೆಯಿರಿ. ಆಮೇಲೆ ಅವರೇ ನಿಮಗಿಂತ ಬೇಗ ಹೇಳುತ್ತಾರೆ. ವರ್ಷದ ಲೆಕ್ಕವೂ ಹಾಗೇ. ನಮ್ಮದು ಏಪ್ರಿಲ್ 1ರಿಂದ ಮಾರ್ಚ್ 31. ನೇಪಾಳ, ಇಥಿಯೋಪಿಯಾದಲ್ಲಿ ಹಣಕಾಸು ವರ್ಷ ಶುರುವಾಗುವುದೇ ಜುಲೈನಲ್ಲಿ. ‘ಮಾರ್ಚ್ ಎಂಡಿಂಗ್’ ಅಂತ ಸುಮ್ನೆ ಅಂದುಬಿಟ್ಟರೆ ಅವರಿಗೆ ಏನು ಹೊಳೆಯಬೇಕು?

‘ಅರ್ಥ ಆಯ್ತಾ?’ ಅಂತ ಕೇಳಲೇಬೇಡಿ. ಮಾಸ್ತರರಿಗೆ ಇಲ್ಲ ಅನ್ನುವುದು ಹೇಗೆ ಅಂತ ಎಲ್ಲರೂ ಹೂಂ ಅನ್ನುತ್ತಾರೆ. (ನಾವು ತಲೆ ಆಡಿಸಿದರೆ ಅದು ಹೌದೋ ಅಲ್ಲವೋ ಅಂತ ಅವರಿಗೂ ತಿಳಿಯುವುದಿಲ್ಲ, ಬಿಡಿ.) ಅದರ ಬದಲು ಎರಡು ನಿಮಿಷದ ಚಿಕ್ಕ ಲೆಕ್ಕ ಕೊಟ್ಟು ಬೆಂಚುಗಳ ನಡುವೆ ಅಡ್ಡಾಡಿ.

ಪ್ರಶ್ನೆಪತ್ರಿಕೆಯಲ್ಲಿ ನಾನೂ ಎಡವಿದ್ದೇನೆ. ಒಮ್ಮೆ ದೀಪಾವಳಿ ಬೋನಸ್ ಸೇರಿಸಿ ತಿಂಗಳವಾರು ಕ್ಯಾಶ್ ಬಜೆಟ್ ಮಾಡಿ ಅಂತ ಕೊಟ್ಟಿದ್ದೆ. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗಿಯೊಬ್ಬಳು ಅದನ್ನು ಖಾಲಿ ಬಿಟ್ಟಳು. ದೀಪಾವಳಿ ಯಾವ ತಿಂಗಳು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಈಗ ಪೇಪರ್ ಕೊಡುವ ಮುಂಚೆ ಇಂಥ ಹಬ್ಬ, ಉದ್ರಿ (ಸಾಲದ ವ್ಯಾಪಾರ), ಭಿಶಿ (ಚೀಟಿ) ಎಲ್ಲ ಹುಡುಕಿ ಒಂದು ಸಾಲಿನ ವಿವರಣೆ ಸೇರಿಸುತ್ತೇನೆ.

ಅವರಿಂದಲೂ ಪಾಠ ಮಾಡಿಸಿ. ಮೊಬೈಲ್ ಪೇಮೆಂಟ್ ಬಂತು ಅಂದರೆ ನಾವು ಯುಪಿಐ ಅಂತ ಎದೆ ಉಬ್ಬಿಸುತ್ತೇವೆ, ಅದು ಬಂದಿದ್ದು 2016ರಲ್ಲಿ. ಕೆನ್ಯಾದಲ್ಲಿ ಎಂ-ಪೆಸಾ 2007ರಲ್ಲೇ ಶುರುವಾಗಿತ್ತು, ಅದೂ ಸಾದಾ ಫೋನಿನಲ್ಲಿ. ನಮ್ಮ ಕ್ಲಾಸಿನ ಕೆನ್ಯಾ ಹುಡುಗ ಅದರ ಬಗ್ಗೆ ಹತ್ತು ನಿಮಿಷ ಮಾತಾಡಿದ. ನಮ್ಮ ಹುಡುಗರು ಅಷ್ಟು ಸುಮ್ಮನೆ ಕೂತಿದ್ದನ್ನು ನಾನು ಜಾಸ್ತಿ ನೋಡಿಲ್ಲ. ಸಹಕಾರಿ ಸಂಘದ ಪಾಠ ಬಂದರೆ ಗದಗದ ಕಣಗಿನಹಾಳಕ್ಕೆ ಕರೆದೊಯ್ಯಿರಿ. 1905ರಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ಊರು ಅದು.

ಬೇಡಿಕೆ, ಬೆಲೆ ಕಲಿಸಲು ಮಾತ್ರ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯೇ ಸೈ. ಹುಬ್ಬಳ್ಳಿಯಿಂದ ರೈಲೂ ಇದೆ. ಸೀಸನ್ನಿನಲ್ಲೇ ಹೋಗಿ. ಒಬ್ಬೊಬ್ಬರ ಕೈಗೂ ಒಂದು ಕಡ್ಡಿ (ಉದ್ದ, ತೆಳ್ಳಗಿನ) ಕಾಯಿ, ಒಂದು ಡಬ್ಬಿ (ಗಿಡ್ಡ, ದಪ್ಪಗಿನ) ಕಾಯಿ ಕೊಡಿ, ಯಾವುದಕ್ಕೆ ಜಾಸ್ತಿ ರೇಟು ಅಂತ ಊಹಿಸಲಿ. ಖಾರ ಇದ್ದಷ್ಟೂ ರೇಟು ಅಂತ ವಾದ ಮಾಡುತ್ತಾರೆ. ಇಲ್ಲಿ ಖಾರ ಕಡಿಮೆ, ದುಡ್ಡು ಹುಟ್ಟುವುದು ಬಣ್ಣಕ್ಕೆ, ಕಾಯಿಯಿಂದ ಬಣ್ಣದ ಸಾರ (ಓಲಿಯೊರೆಸಿನ್) ತೆಗೆಯುವ ಕಂಪನಿಗಳೂ ಇದನ್ನು ಕೊಳ್ಳುತ್ತವೆ ಅಂತ ಆಗ ಹೇಳಿ. ಮತ್ತೆ ಎಲ್ಲರಿಗೂ ಕರ್ಚೀಫ್ ತರಲು ಮೊದಲೇ ತಿಳಿಸಿ. ನಾವು ಹೋದಾಗ ಗೇಟಿನಲ್ಲೇ ಅರ್ಧ ಕ್ಲಾಸು ಸೀನುತ್ತಿತ್ತು.