ಆರಿದ್ರಾ ಮಳೆ ಅಳೆಯಿರಿ, ಆರಿದ್ರಾ ನಕ್ಷತ್ರದ ಫೋಟೊ ತೆಗೆಯಿರಿ

‘ನಿಮ್ಮಲ್ಲಿ ಎಷ್ಟು ಹೊಯ್ತು?’ ಜೂನ್ ಬಂತೆಂದರೆ ಮಲೆನಾಡಿನಲ್ಲಿ ಫೋನಿನ ಮಾತು ಶುರುವಾಗುವುದೇ ಹೀಗೆ. ‘ಜೋರು ಮಾರಾಯ, ರಾತ್ರಿಯಿಡೀ’ ಎಂಬ ಉತ್ತರ ಬರುತ್ತದೆ. ಆದರೆ ಆಗುಂಬೆಯವರ ಜೋರು ಬೇರೆ, ಶಿಕಾರಿಪುರದವರ ಜೋರು ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿಂದ ಸುಮಾರು 90 ಕಿಲೋಮೀಟರ್ ದೂರದ ಶಿವಮೊಗ್ಗ ನಗರಕ್ಕೆ ಸಿಗುವುದು ಅದರ ಏಳರಲ್ಲೊಂದು ಪಾಲಿನ ಆಸುಪಾಸು.

ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ. ಏರಿದ ಗಾಳಿ ತಣಿದು ನೀರಾಗಿ ಸುರಿಯುತ್ತದೆ. ಆಗುಂಬೆ, ಹುಲಿಕಲ್ಲಿನಂಥ ಘಟ್ಟದ ಅಂಚಿನ ಊರುಗಳಲ್ಲೇ ಬಹುಪಾಲು ಖಾಲಿಯಾಗಿ, ಪೂರ್ವಕ್ಕೆ ಬಂದ ಹಾಗೆ ಮಳೆ ಸೊರಗುತ್ತದೆ. ಇದು ದೊಡ್ಡ ಲೆಕ್ಕ. ಇದರೊಳಗೆ ಗುಡ್ಡದ ಈಚೆಗೊಂದು, ಆಚೆಗೊಂದು ಎಂಬ ಚಿಕ್ಕ ಲೆಕ್ಕಗಳಿವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆದರೆ ನಮ್ಮ ಕಡೆ ಒಂದು ಪಂಚಾಯಿತಿಯೊಳಗೇ ನಾಲ್ಕು ಗುಡ್ಡ ಇರುತ್ತವೆ, ಅಲ್ವಾ? ಆ ಚಿಕ್ಕ ಲೆಕ್ಕ ಬೇಕೆಂದರೆ ನಾವೇ ಅಳೆಯಬೇಕು. ಅಡಿಕೆ ಬೆಳೆಯುವವರಿಗಂತೂ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಮೇಲೆ ತಮ್ಮ ತೋಟದಲ್ಲೇ ಎಷ್ಟು ಮಳೆ ಬಿತ್ತು ಎಂಬುದು ತುಂಬ ಮುಖ್ಯ.

ಅಳೆಯುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಸೇರಿಸಿಕೊಳ್ಳಿ ಎಂದು ಹೇಳಲು ಈ ಲೇಖನ ಬರೆಯುತ್ತಿದ್ದೇನೆ. ನಮ್ಮ ಹಿರಿಯರು ಮಳೆಗೆ ಹೆಸರಿಟ್ಟಿದ್ದು ನಕ್ಷತ್ರಗಳಿಂದ. ಮಳೆಗಾಲದಲ್ಲಿ ಅಳೆದ ಮಳೆಯ ನಕ್ಷತ್ರವನ್ನು ಚಳಿಗಾಲದಲ್ಲಿ ಅದೇ ಊರಿನಲ್ಲಿ ನಿಂತು ಫೋಟೊ ತೆಗೆಯಬಹುದು. ಎರಡಕ್ಕೂ ಒಂದೇ ನೋಟ್‌ಬುಕ್ ಸಾಕು.

ಮಾಪಕ ಮಾಡುವುದು

ತಂಪು ಪಾನೀಯದ ಬಾಟಲಿ ಕತ್ತರಿಸಿ ಮಾಪಕ ಮಾಡುವ ವಿಧಾನ ಶಾಲೆಯ ಪುಸ್ತಕದಲ್ಲಿ ಇರುತ್ತದೆ. ಬಯಲುಸೀಮೆಗೆ ಅದು ಸಾಕು. ನಮ್ಮ ಜುಲೈ ಮಳೆಗೆ ಬೆಳಗಾಗುವುದರೊಳಗೆ ತುಂಬಿ ಹರಿದುಬಿಡುತ್ತದೆ. ಹಾಗಾಗಿ 5 ಲೀಟರಿನ ಕ್ಯಾನು ಮತ್ತು ಬಾಯಿ 15 ಸೆಂಟಿಮೀಟರ್ ಅಗಲವಿರುವ ಆಲಿಕೆ ತನ್ನಿ. ಆಲಿಕೆಯನ್ನು ಕ್ಯಾನಿನ ಬಾಯಿಗೆ ಕೂರಿಸಿ, ಸಂದಿಯನ್ನು ಟೇಪಿನಿಂದ ಮುಚ್ಚಿ. ಗಾಳಿಗೆ ಉರುಳದ ಹಾಗೆ ಕ್ಯಾನನ್ನು ಅರ್ಧ ಮಣ್ಣಿನಲ್ಲಿ ಹೂಳಿ. ಆಲಿಕೆಯ ಅಂಚು ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ, ಮಟ್ಟವಾಗಿ ಇರಬೇಕು. ಅದಕ್ಕಿಂತ ತಗ್ಗಿದ್ದರೆ ನೆಲದ ಹನಿ ಸಿಡಿದು ಒಳಗೆ ಬೀಳುತ್ತದೆ. ತಾರಸಿಯ ಮೇಲೆ ಇಟ್ಟರೆ ಗಾಳಿ ಹನಿಗಳನ್ನು ಹಾರಿಸಿಕೊಂಡು ಹೋಗಿ ಲೆಕ್ಕ ಕಡಿಮೆ ಬರುತ್ತದೆ.

ಲೆಕ್ಕ ಸುಲಭ. 15 ಸೆಂಟಿಮೀಟರ್ ಬಾಯಿಯ ವಿಸ್ತೀರ್ಣ ಸುಮಾರು 177 ಚದರ ಸೆಂಟಿಮೀಟರ್. ಅಂದರೆ 10 ಮಿಲಿಮೀಟರ್ ಮಳೆಗೆ 177 ಮಿಲಿಲೀಟರ್ ನೀರು ಸೇರುತ್ತದೆ. ಬೆಳಿಗ್ಗೆ ಕ್ಯಾನಿನ ನೀರನ್ನು ಅಳತೆಯ ಲೋಟದಲ್ಲಿ ಅಳೆದು, ಮಿಲಿಲೀಟರನ್ನು 17.7ರಿಂದ ಭಾಗಿಸಿ. 1,770 ಮಿಲಿಲೀಟರ್ ಸಿಕ್ಕಿದರೆ 100 ಮಿಲಿಮೀಟರ್ ಮಳೆ. ನಿಮ್ಮ ಆಲಿಕೆಯ ಅಳತೆ ಬೇರೆಯಾದರೆ ಬಾಯಿಯ ವಿಸ್ತೀರ್ಣದಿಂದ ಭಾಗಿಸಿ ಹತ್ತರಿಂದ ಗುಣಿಸಿ, ಅಷ್ಟೇ. ಈ ಕ್ಯಾನು 280 ಮಿಲಿಮೀಟರಿನವರೆಗೆ ತಡೆಯುತ್ತದೆ. ಅದಕ್ಕೂ ಮೀರಿ ಬರುವ ಲಕ್ಷಣ ಕಂಡರೆ ಸಂಜೆ ಒಮ್ಮೆ ಅಳೆದು ಬರೆದಿಟ್ಟು, ಬೆಳಗಿನ ಲೆಕ್ಕಕ್ಕೆ ಕೂಡಿಸಿ. ಕಾಫಿ ತೋಟದವರು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಹೇಳುತ್ತಾರೆ. ಅವರೊಂದಿಗೆ ಮಾತಾಡುವಾಗ 1 ಇಂಚು ಎಂದರೆ 25.4 ಮಿಲಿಮೀಟರ್ ಎಂಬುದು ನೆನಪಿರಲಿ.

ಜಾಗ ಆರಿಸುವುದರಲ್ಲಿ ಅವಸರ ಬೇಡ. ಹತ್ತಿರದ ಮರ ಅಥವಾ ಮನೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರವಾದರೂ ಇರಲಿ. ಅಡಿಕೆ ತೋಟದ ಒಳಗೆ ಬೇಡವೇ ಬೇಡ. ಸೋಗೆಯಿಂದ ಇಳಿಯುವ ನೀರು ಮಳೆಯ ಲೆಕ್ಕವಲ್ಲ.

ಹೋಲಿಸುವುದು

ಒಂದು ಮಾಪಕ ನಿಮ್ಮ ಮನೆಯ ಕಥೆ ಹೇಳುತ್ತದೆ. ನಾಲ್ಕೈದು ಮಾಪಕ ಸೇರಿದರೆ ಸೀಮೆಯ ಕಥೆ ತಿಳಿಯುತ್ತದೆ. ಹೊಳೆಯಾಚೆ, ಗುಡ್ಡದಾಚೆ, ಪೇಟೆ ಬದಿ ಹೀಗೆ ಬೇರೆ ಬೇರೆ ಕಡೆ ಇರುವ ಗೆಳೆಯರನ್ನು, ನೆಂಟರನ್ನು ಸೇರಿಸಿಕೊಳ್ಳಿ. ಎಲ್ಲರೂ ಒಂದೇ ಥರದ ಆಲಿಕೆ, ಕ್ಯಾನು ಕೊಳ್ಳಿ.

ಆಮೇಲೆ ಒಂದು ಕೆಲಸ ಮಾಡಲೇಬೇಕು. ಎಲ್ಲ ಮಾಪಕಗಳನ್ನೂ ಒಂದೇ ಅಂಗಳದಲ್ಲಿ ಸಾಲಾಗಿ ಇಟ್ಟು ಒಂದು ವಾರ ಅಳೆಯಿರಿ. ಎಲ್ಲವೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ತೋರಿಸಬೇಕು. ತೋರಿಸದಿದ್ದರೆ ಆಲಿಕೆ ಓರೆಯಾಗಿದೆ ಅಥವಾ ಟೇಪು ಬಿಟ್ಟಿದೆ ಎಂದರ್ಥ. ಸರಿಮಾಡಿದ ಮೇಲೆಯೇ ಅವರವರ ಮನೆಗೆ ಒಯ್ಯಲಿ. ನಾನು ಮೊದಲ ವರ್ಷ ಈ ಪರೀಕ್ಷೆ ಮಾಡಿರಲಿಲ್ಲ. ಹೊಳೆಯಾಚೆಯ ಗೆಳೆಯನಿಗಿಂತ ನಮ್ಮ ಬದಿಗೆ ಮಳೆ ತುಂಬ ಜಾಸ್ತಿ ಎಂದು ಒಂದು ತಿಂಗಳು ಬರೆದುಕೊಂಡೆ. ಪಶ್ಚಿಮದ ಗಾಳಿ ಬೀಸಿದಾಗ ಹೆಂಚಿನ ಮಾಡಿನ ನೀರು ನನ್ನ ಆಲಿಕೆಗೆ ಎರಚುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ಆ ತಿಂಗಳ ಪುಟಗಳನ್ನು ಪೂರ್ತಿ ಹೊಡೆದುಹಾಕಬೇಕಾಯಿತು.

ಅಳೆಯುವ ಹೊತ್ತು ಎಲ್ಲರದ್ದೂ ಒಂದೇ ಇರಲಿ: ಬೆಳಿಗ್ಗೆ 8.30. ಭಾರತೀಯ ಹವಾಮಾನ ಇಲಾಖೆಯ ದಿನದ ಲೆಕ್ಕವೂ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಹೊತ್ತು ಹೊಂದಿದರೆ ನಿಮ್ಮ ಸಂಖ್ಯೆಯನ್ನು ಇಲಾಖೆಯ ಸಂಖ್ಯೆಯ ಪಕ್ಕದಲ್ಲಿ ಇಟ್ಟು ನೋಡಬಹುದು. ಇಲಾಖೆಯ ಮಾತಿಗೂ ಅಳತೆ ಇದೆ. 2.5 ಮಿಲಿಮೀಟರ್ ಬಿದ್ದರೆ ಮಾತ್ರ ಅದು ‘ಮಳೆಯ ದಿನ’. 64.5 ದಾಟಿದರೆ ಭಾರಿ, 115.6ರಿಂದ ಅತಿ ಭಾರಿ, 204.5ರಿಂದ ಅತ್ಯಂತ ಭಾರಿ ಮಳೆ. ಉಂಬಳದ ಕಾಟ ಇದ್ದರೂ ಬೆಳಿಗ್ಗೆ ತಪ್ಪದೆ ಅಂಗಳಕ್ಕೆ ಇಳಿಯಿರಿ. ಸಿಡಿಲು ಗುಡುಗು ಇದ್ದರೆ ಮಾತ್ರ ನಿಲ್ಲುವ ತನಕ ಕಾಯಿರಿ. ತಡವಾದರೆ ತಡವಾಯಿತು ಎಂದು ಬರೆಯಿರಿ.

ಒಂದು ದಿನದ ವ್ಯತ್ಯಾಸ ನೋಡಿ ತೀರ್ಮಾನಕ್ಕೆ ಬರಬೇಡಿ. ಅದರಲ್ಲೂ ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಗುಡುಗು ಮಳೆ ಊರಿನ ಒಂದು ತುದಿಯಲ್ಲಿ ಸುರಿದು ಇನ್ನೊಂದು ತುದಿಯನ್ನು ಒಣಗಿಸಿಬಿಡುತ್ತದೆ. ಜೂನ್‌ನಿಂದ ಆಗಸ್ಟಿನ ಜಡಿಮಳೆ ಹಾಗಲ್ಲ. ಅದು ಎಲ್ಲ ಕಡೆ ಬೀಳುತ್ತದೆ, ಗುಡ್ಡ ನೋಡಿಕೊಂಡು ಹೆಚ್ಚು ಕಡಿಮೆಯಾಗುತ್ತದೆ. ಹಾಗಾಗಿ ಈ ಎರಡು ಬಗೆಯ ಮಳೆಯನ್ನು ಬೇರೆ ಬೇರೆ ಕೂಡಿಸಿ.

ಕೂಡಿಸಲು ಎಷ್ಟು ದಿನದ ಅವಧಿ ಒಳ್ಳೆಯದು? ಇಲ್ಲಿ ನಮ್ಮ ಮಳೆ ನಕ್ಷತ್ರಗಳೇ ಬಂದು ನಿಲ್ಲುತ್ತವೆ. ವರ್ಷವನ್ನು 27 ಭಾಗ ಮಾಡಿದರೆ ಒಂದೊಂದು ಭಾಗ 13–14 ದಿನ. ಒಂದು ದಿನದ ಏರುಪೇರು ಇದರಲ್ಲಿ ಕರಗಿಹೋಗುತ್ತದೆ. ತಿಂಗಳಷ್ಟು ಉದ್ದವೂ ಅಲ್ಲ. ಮೇ 11ರ ಸುಮಾರಿಗೆ ಕೃತ್ತಿಕಾ, 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರಾ, ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ. ಸರಿಯಾದ ದಿನಕ್ಕೆ ಪಂಚಾಂಗ ನೋಡಿಕೊಳ್ಳಿ. ‘ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ’ ಎನ್ನುತ್ತಾರಲ್ಲ, ಆ ಆರಿದ್ರೆ ನಿಮ್ಮಲ್ಲಿ ಎಷ್ಟಾಯಿತು, ಗುಡ್ಡದಾಚೆ ಎಷ್ಟಾಯಿತು ಎಂದು ಒಂದೊಂದು ಪುಟದಲ್ಲಿ ಬರೆಯಿರಿ. ಪುಟದ ಕೆಳಗೆ ಒಂದು ಫೋಟೊ ಅಂಟಿಸುವಷ್ಟು ಜಾಗ ಬಿಡಿ.

ನಕ್ಷತ್ರ ಹುಡುಕುವುದು

ಆರಿದ್ರಾ ಮಳೆ ಎಂದರೆ ಸೂರ್ಯ ಆರಿದ್ರಾ ನಕ್ಷತ್ರದ ದಿಕ್ಕಿನಲ್ಲಿರುವ ದಿನಗಳ ಮಳೆ. ಆಗ ಆ ನಕ್ಷತ್ರ ಹಗಲು ಹೊತ್ತು ಸೂರ್ಯನ ಜೊತೆಗೇ ಇರುತ್ತದೆ. ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಆರು ತಿಂಗಳು ಕಳೆದ ಮೇಲೆ, ಡಿಸೆಂಬರ್ ಕೊನೆಗೆ, ಅದು ಸಂಜೆ ಹುಟ್ಟಿ ರಾತ್ರಿಯಿಡೀ ಇರುತ್ತದೆ. ನಮ್ಮ ಆಕಾಶ ತೊಳೆದಿಟ್ಟ ಹಾಗೆ ಇರುವುದೂ ಆಗಲೇ.

ಜನವರಿ ಮಧ್ಯದಲ್ಲಿ ರಾತ್ರಿ 8ರಿಂದ 9ರೊಳಗೆ ಪೂರ್ವಕ್ಕೆ ಮುಖ ಮಾಡಿ ನಿಂತುಕೊಳ್ಳಿ. ಒಂದರ ಕೆಳಗೊಂದು ಮೂರು ನಕ್ಷತ್ರ ಸಾಲಾಗಿ ಕಾಣುತ್ತವೆ. ಅದು ಮಹಾವ್ಯಾಧ (ಓರಾಯನ್) ಎಂಬ ನಕ್ಷತ್ರಪುಂಜದ ಸೊಂಟಪಟ್ಟಿ. ಅದರ ಎಡಕ್ಕೆ, ಸ್ವಲ್ಪ ಕೆಳಗೆ, ಕೆಂಪಗೆ ಹೊಳೆಯುವುದೇ ಆರಿದ್ರಾ. ಪಟ್ಟಿಯ ನೇರ ಎಡಕ್ಕೆ ಮಂಕಾದ ಮೂರು ಚುಕ್ಕೆಗಳ ಗುಂಪು ಮೃಗಶಿರ. ಪಟ್ಟಿಯ ಗೆರೆಯನ್ನು ಮೇಲಕ್ಕೆ ಎಳೆದರೆ ಇನ್ನೊಂದು ಕೆಂಪು ನಕ್ಷತ್ರ ರೋಹಿಣಿ, ಅದರಾಚೆ ಚುಕ್ಕೆಗಳ ಗೊಂಚಲು ಕೃತ್ತಿಕಾ. ಕೆಳಗೆ ಎಡಬದಿಗೆ ಜೋಡಿ ನಕ್ಷತ್ರ ಪುನರ್ವಸು. ಗುರುತು ಸಿಗದಿದ್ದರೆ ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್ ಹಿಡಿದು ನೋಡಿ. ಸಾಧಾರಣ ಫೋನಿನ ಮುಖ್ಯ ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿದರೆ ಈ ಐದೂ ಒಂದೇ ಚಿತ್ರದಲ್ಲಿ ಬರುತ್ತವೆ. ಮೇ ತಿಂಗಳಿನಿಂದ ಜುಲೈವರೆಗಿನ ಐದು ಮಳೆ, ಒಂದು ಫೋಟೊ!

ಫೋಟೊ ತೆಗೆಯುವುದು

ಅಮಾವಾಸ್ಯೆಯ ಆಚೀಚೆ ಐದು ದಿನ ಒಳ್ಳೆಯದು. ಆದರೆ ಜನವರಿ ಎಂದರೆ ಅಡಿಕೆ ಸುಲಿಯುವ ಕಾಲ. ಅಂಗಳದಲ್ಲಿ ತಡರಾತ್ರಿವರೆಗೂ ದೀಪ, ಹಂಡೆಯ ಹೊಗೆ ಎರಡೂ ಇರುತ್ತವೆ. ಕೊಯ್ಲಾದ ಗದ್ದೆಗೆ ಹೋಗಿ. ಸುತ್ತ ಕತ್ತಲೆ, ಮೇಲೆ ಬಯಲು. ಒಬ್ಬರೇ ಹೋಗಬೇಡಿ, ಕಾಲಿಗೆ ಬೂಟು ಇರಲಿ, ನಡೆಯುವಾಗ ಟಾರ್ಚ್ ಹಚ್ಚಿಕೊಳ್ಳಿ. ಟಾರ್ಚಿಗೆ ಕೆಂಪು ಬಣ್ಣದ ಕಾಗದ ಸುತ್ತಿದರೆ ಕತ್ತಲೆಗೆ ಹೊಂದಿಕೊಂಡ ಕಣ್ಣು ಕೆಡುವುದಿಲ್ಲ. ಹಾಗೆ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತು ನಿಮಿಷವಾದರೂ ಬೇಕು.

ಫೋನನ್ನು ಕೈಯಲ್ಲಿ ಹಿಡಿದು ಪ್ರಯೋಜನವಿಲ್ಲ. ಟ್ರೈಪಾಡ್ ಇಲ್ಲದಿದ್ದರೆ ಬಟ್ಟೆಯ ಚೀಲಕ್ಕೆ ಅಕ್ಕಿ ತುಂಬಿ, ಸ್ಟೂಲಿನ ಮೇಲಿಟ್ಟು ಫೋನನ್ನು ಓರೆಯಾಗಿ ಒರಗಿಸಿ. ಕ್ಯಾಮೆರಾದಲ್ಲಿ ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್‌ಗೆ ಹೋಗಿ. ಫೋಕಸ್ ಅನಂತಕ್ಕೆ, ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 1600, ಶಟರ್ (ಬೆಳಕಿಗೆ ತೆರೆದಿರುವ ಹೊತ್ತು) 10 ಸೆಕೆಂಡ್, ಟೈಮರ್ 3 ಸೆಕೆಂಡ್. ಟೈಮರ್ ಇಲ್ಲದೆ ಒತ್ತಿದರೆ ಬೆರಳಿನ ಅಲುಗಾಟಕ್ಕೇ ನಕ್ಷತ್ರಗಳು ಹುಳುವಿನ ಹಾಗೆ ಬೀಳುತ್ತವೆ. ಚಿತ್ರ ಕಪ್ಪಾಗಿದ್ದರೆ ಐಎಸ್‌ಒ 3200 ಮಾಡಿ. ಶಟರ್ ತುಂಬ ಹೆಚ್ಚಿಸಬೇಡಿ. ಭೂಮಿ ತಿರುಗುವುದರಿಂದ ನಕ್ಷತ್ರ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 500ನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿದರೆ ಬರುವ ಸೆಕೆಂಡೇ ಮಿತಿ. ಫೋನಿನ ಲೆನ್ಸು 35 ಎಂಎಂ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಸುಮಾರು 24 ಮಿಲಿಮೀಟರಿಗೆ ಸಮ, ಅಂದರೆ 20 ಸೆಕೆಂಡ್. ಸಾಮಾನ್ಯ ಡಿಎಸ್‌ಎಲ್‌ಆರ್‌ನಲ್ಲಿ 18 ಮಿಲಿಮೀಟರ್ ಲೆನ್ಸು 27ಕ್ಕೆ ಸಮವಾಗುವುದರಿಂದ 18 ಸೆಕೆಂಡ್. ಶಿವಮೊಗ್ಗ ಪೇಟೆಯ ಬೆಳಕಿನಲ್ಲಾದರೆ ಐಎಸ್‌ಒ 800, ಶಟರ್ 4 ಸೆಕೆಂಡ್ ಸಾಕು. ಕೃತ್ತಿಕೆ, ಆರಿದ್ರೆ ಆಗಲೂ ಸಿಗುತ್ತವೆ.

ಅಲುಗಿಸದೆ ಅದೇ ಚಿತ್ರವನ್ನು ಇಪ್ಪತ್ತು ಸಲ ತೆಗೆಯಿರಿ. ಕಂಪ್ಯೂಟರಿನಲ್ಲಿ ಸೀಕ್ವೇಟರ್ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟರೆ ಎಲ್ಲವನ್ನೂ ಒಂದರ ಮೇಲೊಂದು ಕೂರಿಸಿ, ಮಸುಕು ಕಳೆದು, ಮಂಕಾದ ಮೃಗಶಿರವನ್ನೂ ಎತ್ತಿ ತೋರಿಸುತ್ತದೆ. ಮಳೆಯ ಲೆಕ್ಕದಲ್ಲಿ ಹದಿನಾಲ್ಕು ದಿನ ಕೂಡಿಸಿದೆವಲ್ಲ, ಇದೂ ಹಾಗೆಯೇ. ಒಂದರಲ್ಲಿ ಕಾಣದ್ದು ಇಪ್ಪತ್ತರಲ್ಲಿ ಕಾಣುತ್ತದೆ.

ಡಿಸೆಂಬರ್ 13–14ರ ರಾತ್ರಿ ಬಿಡುವು ಮಾಡಿಕೊಳ್ಳಿ. ಆಗ ಜೆಮಿನಿಡ್ ಉಲ್ಕೆಗಳು ಜಾಸ್ತಿ. ಅವು ಪುನರ್ವಸುವಿನ ಬಳಿಯಿಂದಲೇ ಹೊರಟ ಹಾಗೆ ಕಾಣುತ್ತವೆ.

ನಮ್ಮ ಕಡೆ ದೊಡ್ಡ ತೊಡಕು ಇಬ್ಬನಿ. ಅರ್ಧ ಗಂಟೆಯಲ್ಲಿ ಲೆನ್ಸು ಮಸುಕಾಗುತ್ತದೆ. ಮೆತ್ತನೆ ಒಣ ಬಟ್ಟೆ ಜೇಬಿನಲ್ಲಿರಲಿ, ಐದೈದು ಚಿತ್ರಕ್ಕೊಮ್ಮೆ ಒರೆಸಿ. ಕೆಲಸ ಮುಗಿದ ಮೇಲೆ ತಣ್ಣಗಾದ ಫೋನು, ಕ್ಯಾಮೆರಾವನ್ನು ನೇರ ಬೆಚ್ಚಗಿನ ಒಳಮನೆಗೆ ಒಯ್ಯಬೇಡಿ, ಒಳಗೇ ನೀರಾಡುತ್ತದೆ. ಗದ್ದೆಯಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಬೆಳಿಗ್ಗೆ ಬಿಚ್ಚಿ, ಒಂದು ಪ್ರತಿ ಮುದ್ರಿಸಿ, ಜೂನ್ 22ರಂದು ಶುರುವಾದ ಪುಟದ ಕೆಳಗೆ ಅಂಟಿಸಿ. ಗುಡ್ಡದಾಚೆಯ ಗೆಳೆಯರ ಫೋಟೊಕ್ಕೂ ಪಕ್ಕದಲ್ಲಿ ಜಾಗ ಇರಲಿ. ಅವರಲ್ಲಿ ಮಳೆ ಎಷ್ಟೇ ಹೆಚ್ಚು ಕಡಿಮೆಯಾಗಿದ್ದರೂ ಆರಿದ್ರಾ ಅಷ್ಟೇ ಕೆಂಪಗೆ ಬಂದಿರುತ್ತದೆ.